ತೀವ್ರ ಹೊರರೋಗಿ ವ್ಯಸನ ಚಿಕಿತ್ಸೆ

ಮದ್ಯ ಅಥವಾ ಮಾದಕ ವಸ್ತುಗಳ ಚಟಕ್ಕೆ ಸಿಕ್ಕಿದ ವ್ಯಕ್ತಿ ಆಸ್ಪತ್ರೆಗೆ ದಾಖಲಾಗದೆ, ಮನೆಯಲ್ಲೇ ಇದ್ದುಕೊಂಡು, ವಾರದಲ್ಲಿ ಹಲವು ದಿನ ಕೇಂದ್ರಕ್ಕೆ ಬಂದು ಹೋಗುತ್ತ, ಕೆಲವು ತಿಂಗಳ ಕಾಲ ಪಡೆಯುವ ವ್ಯವಸ್ಥಿತ ಚಿಕಿತ್ಸೆಗೆ ತೀವ್ರ ಹೊರರೋಗಿ ವ್ಯಸನ ಚಿಕಿತ್ಸೆ ಎಂದು ಹೆಸರು. ತಿಂಗಳಿಗೊಮ್ಮೆ ವೈದ್ಯರನ್ನು ಕಂಡು ಮಾತ್ರೆ ಬರೆಸಿಕೊಳ್ಳುವ ಸಾಮಾನ್ಯ ಹೊರರೋಗಿ ಸೇವೆಗೂ ವ್ಯಸನಮುಕ್ತಿ ಕೇಂದ್ರದಲ್ಲಿ ವಾರಗಟ್ಟಲೆ ಉಳಿಯುವ ಒಳರೋಗಿ ಚಿಕಿತ್ಸೆಗೂ ನಡುವಿನ ಹಂತ ಇದು. ಗುಂಪು ಚಿಕಿತ್ಸೆ, ವೈಯಕ್ತಿಕ ಆಪ್ತಸಮಾಲೋಚನೆ, ಔಷಧಿ, ಕುಟುಂಬದವರೊಂದಿಗೆ ಮಾತುಕತೆ ಮತ್ತು ಮೂತ್ರ ಅಥವಾ ಉಸಿರಿನ ಪರೀಕ್ಷೆ ಇದರ ಅಂಗಗಳು.

ಈ ಲೇಖನದಲ್ಲಿ ವ್ಯಸನ ಎಂಬ ಮಾತನ್ನು ವೈದ್ಯಶಾಸ್ತ್ರ ಅವಲಂಬನೆ ಎಂದು ಗುರುತಿಸುವ ಕಾಯಿಲೆಯ ಅರ್ಥದಲ್ಲಿ ಬಳಸಿದೆ. ಬ್ರಿಟನ್ನಿನ ಮನೋವೈದ್ಯ ಗ್ರಿಫಿತ್ ಎಡ್ವರ್ಡ್ಸ್ ಮತ್ತು ಅಮೆರಿಕದ ಮಿಲ್ಟನ್ ಗ್ರಾಸ್ 1976ರಲ್ಲಿ ಮದ್ಯದ ಅವಲಂಬನೆಯ ಲಕ್ಷಣಗಳನ್ನು ಒಟ್ಟುಗೂಡಿಸಿ ವಿವರಿಸಿದರು. ತಡೆಯಲಾಗದ ಕಡುಬಯಕೆ, ಕುಡಿಯಲು ಶುರುಮಾಡಿದರೆ ನಿಲ್ಲಿಸಲಾಗದಿರುವುದು, ಮೊದಲಿನಷ್ಟೇ ಅಮಲಿಗೆ ಹೆಚ್ಚು ಹೆಚ್ಚು ಬೇಕಾಗುವುದು, ಬಿಟ್ಟರೆ ನಡುಕ ಬೆವರುಗಳಂಥ ಹಿಂತೆಗೆತದ ಲಕ್ಷಣಗಳು ಕಾಣಿಸಿಕೊಳ್ಳುವುದು, ಹಾನಿ ಕಣ್ಣಿಗೆ ಕಂಡರೂ ಮುಂದುವರಿಯುವುದು ಅವುಗಳಲ್ಲಿ ಮುಖ್ಯವಾದವು. ಬಿಟ್ಟ ಮೇಲೆ ಮತ್ತೆ ಹಳೆಯ ಚಟಕ್ಕೆ ಬೀಳುವುದನ್ನು ಮರುಕಳಿಕೆ ಎಂದು ಕರೆದಿದೆ.

ಹುಟ್ಟು ಮತ್ತು ಬೆಳವಣಿಗೆ

ವ್ಯಸನದ ಚಿಕಿತ್ಸೆ ಬಹುಕಾಲ ಗೋಡೆಗಳ ಒಳಗೇ ನಡೆಯಿತು. 19ನೇ ಶತಮಾನದಲ್ಲಿ ಕುಡುಕರನ್ನು ಮಾನಸಿಕ ಆಸ್ಪತ್ರೆಗೋ ಜೈಲಿಗೋ ಸೇರಿಸುವುದು ರೂಢಿಯಾಗಿತ್ತು. 1935ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ನಗರದಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದಾಗ ಬೇರೊಂದು ದಾರಿ ತೆರೆಯಿತು: ಹಗಲು ಕೆಲಸ ಮಾಡಿ ಸಂಜೆ ಸಭೆಗೆ ಬರುವ ಜನ, ವೈದ್ಯರ ಹಂಗಿಲ್ಲದೆ, ಒಬ್ಬರಿಗೊಬ್ಬರು ಆಸರೆಯಾಗಿ ಕುಡಿತ ಬಿಡಬಹುದು ಎಂಬುದು. 1948ರಲ್ಲಿ ಕೋಪನ್‌ಹೇಗನ್‌ನಲ್ಲಿ ಕುಡಿತ ಬಿಡಿಸುವ ಡೈಸಲ್ಫಿರಾಮ್ ಮಾತ್ರೆ ಬಳಕೆಗೆ ಬಂತು. 1960ರ ದಶಕದ ಮಧ್ಯದಲ್ಲಿ ನ್ಯೂಯಾರ್ಕ್‌ನಲ್ಲಿ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ ಹೆರಾಯಿನ್ ವ್ಯಸನಿಗಳಿಗೆ ಮೆಥಡೋನ್ ಎಂಬ ಬದಲಿ ಔಷಧಿ ಕೊಡಲು ಆರಂಭಿಸಿದರು. ಮನೆಯಿಂದಲೇ ಬಂದುಹೋಗುವ ರೋಗಿಗೂ ಚಿಕಿತ್ಸೆ ಸಾಧ್ಯ ಎಂಬುದನ್ನು ಈ ಎರಡು ಔಷಧಿಗಳು ತೋರಿಸಿಕೊಟ್ಟವು.

ತೀವ್ರ ಹೊರರೋಗಿ ಚಿಕಿತ್ಸೆ ಈಗಿನ ರೂಪ ಪಡೆದದ್ದು 1980ರ ದಶಕದಲ್ಲಿ, ಅಮೆರಿಕದಲ್ಲಿ. ಅದಕ್ಕೆ ಎರಡು ಕಾರಣ. ಕೊಕೇನ್ ಹಾವಳಿಯಲ್ಲಿ ಉದ್ಯೋಗ, ಸಂಸಾರ ಎರಡನ್ನೂ ಇನ್ನೂ ಕಳೆದುಕೊಳ್ಳದ ಮಧ್ಯಮವರ್ಗದ ರೋಗಿಗಳು ದೊಡ್ಡ ಸಂಖ್ಯೆಯಲ್ಲಿ ಬಂದರು. ವಾರಗಟ್ಟಲೆ ರಜೆ ಹಾಕಿ ಆಸ್ಪತ್ರೆ ಸೇರಲು ಅವರು ಸಿದ್ಧರಿರಲಿಲ್ಲ. ಅದೇ ಹೊತ್ತಿಗೆ ವಿಮಾ ಕಂಪನಿಗಳು 28 ದಿನಗಳ ಒಳರೋಗಿ ಚಿಕಿತ್ಸೆಯ ವೆಚ್ಚ ಭರಿಸಲು ಹಿಂಜರಿಯತೊಡಗಿದವು. ಲಾಸ್ ಏಂಜಲಿಸ್ ಪ್ರದೇಶದಲ್ಲಿ ರೂಪುಗೊಂಡ, ಸುಮಾರು 16 ವಾರಗಳ ಮ್ಯಾಟ್ರಿಕ್ಸ್ ಮಾದರಿ ಈ ಕಾಲದ ಮುಖ್ಯ ಕೊಡುಗೆ. ಇದೇ ಕಾಲದಲ್ಲಿ ಚಿಕಿತ್ಸೆಯ ಒಳತಿರುಳೂ ಬದಲಾಯಿತು. ವಿಲಿಯಂ ಮಿಲ್ಲರ್ 1983ರಲ್ಲಿ ಪ್ರೇರಣಾ ಸಂದರ್ಶನ ಎಂಬ ಮಾತುಕತೆಯ ಕ್ರಮವನ್ನು ಮುಂದಿಟ್ಟರು. ರೋಗಿಯನ್ನು ಗದರಿಸುವ, ತಪ್ಪೊಪ್ಪಿಸುವ ಬದಲು ಬಿಡಬೇಕೆಂಬ ಅವನದೇ ಕಾರಣಗಳನ್ನು ಅವನ ಬಾಯಿಂದ ಹೊರತರುವುದು ಅದರ ಉದ್ದೇಶ. 1985ರಲ್ಲಿ ಅಲನ್ ಮಾರ್ಲಟ್ ಮತ್ತು ಜುಡಿತ್ ಗಾರ್ಡನ್ ಮರುಕಳಿಕೆಯನ್ನು ತಡೆಯುವ ವಿಧಾನವನ್ನು ಪುಸ್ತಕರೂಪದಲ್ಲಿ ವಿವರಿಸಿದರು.

ಭಾರತದಲ್ಲಿ ವ್ಯಸನಕ್ಕೆಂದೇ ಮೀಸಲಾದ ಸಂಸ್ಥೆಗಳು ತಲೆಯೆತ್ತಿದ್ದೂ 1980ರ ದಶಕದಲ್ಲೇ. ಚೆನ್ನೈನಲ್ಲಿ 1980ರಲ್ಲಿ ಶಾಂತಿ ರಂಗನಾಥನ್ ಅವರು ಟಿ.ಟಿ. ರಂಗನಾಥನ್ ಪ್ರತಿಷ್ಠಾನವನ್ನು ಆರಂಭಿಸಿದರು. ಪುಣೆಯಲ್ಲಿ 1986ರಲ್ಲಿ ಡಾ. ಅನಿತಾ ಅವಚಟ್ ಮತ್ತು ಅವರ ಪತಿ, ಮರಾಠಿ ಲೇಖಕ ಡಾ. ಅನಿಲ್ ಅವಚಟ್, ಸಾಹಿತಿ ಪು.ಲ. ದೇಶಪಾಂಡೆಯವರ ನೆರವಿನೊಂದಿಗೆ ಮುಕ್ತಾಂಗಣ ಕೇಂದ್ರವನ್ನು ಸ್ಥಾಪಿಸಿದರು. ಬೆಂಗಳೂರಿನ ನಿಮ್ಹಾನ್ಸ್ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಘಟಕ ತೆರೆದದ್ದು 1990ರ ದಶಕದಲ್ಲಿ.

ಚಿಕಿತ್ಸಾ ಶ್ರೇಣಿಯಲ್ಲಿ ಸ್ಥಾನ

ಅಮೆರಿಕದ ವ್ಯಸನ ವೈದ್ಯಕೀಯ ಸಂಘ ರೂಪಿಸಿದ ಶ್ರೇಣಿಯನ್ನು ಹಲವು ದೇಶಗಳಲ್ಲಿ ಆಧಾರವಾಗಿ ಬಳಸುತ್ತಾರೆ. ಅದರಲ್ಲಿ ವಾರಕ್ಕೆ 9 ಗಂಟೆಗಿಂತ ಕಡಿಮೆ ಅವಧಿಯ ಚಿಕಿತ್ಸೆ ಸಾಮಾನ್ಯ ಹೊರರೋಗಿ ಸೇವೆ. 9ರಿಂದ 19 ಗಂಟೆಗಳದು ತೀವ್ರ ಹೊರರೋಗಿ ಚಿಕಿತ್ಸೆ, ಇದಕ್ಕೆ 2.1 ಎಂಬ ಸಂಖ್ಯೆ ಕೊಟ್ಟಿದೆ. 20 ಗಂಟೆ ಅಥವಾ ಅದಕ್ಕಿಂತ ಹೆಚ್ಚಾದರೆ ಹಗಲು ಆಸ್ಪತ್ರೆ, ಅಂದರೆ ಬೆಳಿಗ್ಗೆ ಬಂದು ಸಂಜೆ ಮನೆಗೆ ಮರಳುವ ವ್ಯವಸ್ಥೆ. ಅದರ ಮೇಲಿನವು ವಸತಿಸಹಿತ ಕೇಂದ್ರಗಳು ಮತ್ತು ಆಸ್ಪತ್ರೆ.

ಗಂಟೆಗಳ ಈ ಲೆಕ್ಕ ಆಡಳಿತದ ಅನುಕೂಲಕ್ಕೆ ಹುಟ್ಟಿದ್ದು. ರೋಗಿಯ ದೃಷ್ಟಿಯಿಂದ ಮುಖ್ಯವಾದದ್ದು ಶ್ರೇಣಿಯಲ್ಲಿ ಮೇಲೆ ಕೆಳಗೆ ಚಲಿಸಲು ಇರುವ ಅವಕಾಶ. ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದು ಹಿಂತೆಗೆತದ ಅಪಾಯ ದಾಟಿದವರು ಈ ಹಂತಕ್ಕೆ ಇಳಿಯಬಹುದು. ಸಾಮಾನ್ಯ ಹೊರರೋಗಿಯಾಗಿದ್ದು ಮತ್ತೆ ಮತ್ತೆ ಎಡವುವವರು ಈ ಹಂತಕ್ಕೆ ಏರಬಹುದು.

ರೋಗಿಯ ಆಯ್ಕೆ

ಎಲ್ಲರಿಗೂ ಈ ಚಿಕಿತ್ಸೆ ಹೊಂದುವುದಿಲ್ಲ. ಮದ್ಯ ಬಿಟ್ಟಾಗ ಹಿಂದೆ ಫಿಟ್ಸ್ ಬಂದಿದ್ದವರು, ಸನ್ನಿ ಹಿಡಿದಿದ್ದವರು, ತೀವ್ರ ಯಕೃತ್ ಅಥವಾ ಹೃದಯದ ಕಾಯಿಲೆ ಇರುವವರು, ಆತ್ಮಹತ್ಯೆಯ ಯೋಚನೆ ಇರುವವರು, ಗರ್ಭಿಣಿಯರು ಮೊದಲು ಆಸ್ಪತ್ರೆಗೆ ದಾಖಲಾಗಬೇಕು. ಮಾತ್ರೆ ಕೊಟ್ಟು ನಿಗಾ ಇಡುವ ಒಬ್ಬರು ಮನೆಯಲ್ಲಿರಬೇಕು. ದಿನಕ್ಕೊಮ್ಮೆ ಬಂದುಹೋಗುವಷ್ಟು ಹತ್ತಿರದಲ್ಲಿ ಕೇಂದ್ರವಿರಬೇಕು. ಅಣ್ಣತಮ್ಮಂದಿರೆಲ್ಲ ಕುಡಿಯುವ ಮನೆ, ಗಾಂಜಾ ಮಾರುವವರದೇ ಕೋಣೆ ಇಂಥ ಕಡೆ ಇದ್ದುಕೊಂಡು ಬಿಡುವುದು ಬಹಳ ಕಷ್ಟ.

ತಪಾಸಣೆಗೆ ವಿಶ್ವ ಆರೋಗ್ಯ ಸಂಸ್ಥೆಯ 10 ಪ್ರಶ್ನೆಗಳ ಆಡಿಟ್ ಪಟ್ಟಿಯನ್ನು ಭಾರತದ ಆಸ್ಪತ್ರೆಗಳಲ್ಲೂ ಬಳಸುತ್ತಾರೆ. ರಕ್ತ ಪರೀಕ್ಷೆ, ಯಕೃತ್ತಿನ ಕಿಣ್ವಗಳ ಪರೀಕ್ಷೆ, ಮನೆಯವರ ಹೇಳಿಕೆ ಅದಕ್ಕೆ ಪೂರಕ. ಖಿನ್ನತೆ, ಆತಂಕ, ಚಿತ್ತವಿಕಲತೆಗಳು ವ್ಯಸನದ ಬೆನ್ನಿಗೇ ಇರುವುದು ಅಪರೂಪವಲ್ಲ. ಅವನ್ನು ಕಾಣದೆ ಹೋದರೆ ಚಿಕಿತ್ಸೆ ಅರ್ಧಕ್ಕೆ ನಿಲ್ಲುತ್ತದೆ.

ಹಿಂತೆಗೆತದ ದಿನಗಳು

ಮದ್ಯದ ಹಿಂತೆಗೆತ ಕೊನೆಯ ಗುಟುಕಿನ ನಂತರ 6ರಿಂದ 24 ಗಂಟೆಗಳಲ್ಲಿ ಶುರುವಾಗುತ್ತದೆ. ಕೈ ನಡುಗುತ್ತದೆ, ಮೈ ಬೆವರುತ್ತದೆ, ನಿದ್ದೆ ಹತ್ತುವುದಿಲ್ಲ, ಹೊಟ್ಟೆ ತೊಳಸುತ್ತದೆ. ಫಿಟ್ಸ್ ಬರುವುದಿದ್ದರೆ ಸಾಮಾನ್ಯವಾಗಿ ಮೊದಲ ಎರಡು ದಿನಗಳಲ್ಲಿ; ದಿಕ್ಕುದೆಸೆ ತಪ್ಪುವ, ಇಲ್ಲದ್ದು ಕಾಣುವ ಸನ್ನಿ ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ. ಸನ್ನಿಗೆ ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ. ಆದುದರಿಂದ ವರ್ಷಗಟ್ಟಲೆ ದಿನವೂ ಕುಡಿದವರು ದೇವರ ಮುಂದೆ ಆಣೆಯಿಟ್ಟು ವೈದ್ಯರ ನೆರವಿಲ್ಲದೆ ಒಮ್ಮೆಲೇ ನಿಲ್ಲಿಸುವುದು ಸುರಕ್ಷಿತವಲ್ಲ.

ಲಕ್ಷಣಗಳು ಸೌಮ್ಯವಾಗಿದ್ದರೆ ಈ ಹಂತವನ್ನು ಮನೆಯಿಂದಲೇ ದಾಟಿಸಬಹುದು. ರೋಗಿ ಮೊದಲ ನಾಲ್ಕೈದು ದಿನ ಪ್ರತಿದಿನ ಕೇಂದ್ರಕ್ಕೆ ಬರುತ್ತಾನೆ. ದಾದಿ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ಬೆರಳುಗಳನ್ನು ಅಗಲಿಸಲು ಹೇಳುತ್ತಾರೆ. ನಡುಕ ಕಣ್ಣಿಗೆ ಕಾಣದಿದ್ದರೂ ಬೆರಳ ತುದಿಗೆ ತುದಿ ತಾಗಿಸಿದಾಗ ತಿಳಿಯುತ್ತದೆ. ಅದಕ್ಕೆ ಒಂದು ಅಂಕ, ತೋಳು ಚಾಚಿದಾಗ ಎದ್ದುಕಂಡರೆ ಹೆಚ್ಚಿನ ಅಂಕ. ಹಣೆಯ ಬೆವರು, ವಾಕರಿಕೆ, ಚಡಪಡಿಕೆ, ಬೆಳಕಿಗೆ ಕಣ್ಣು ಕುಕ್ಕುವುದು, ಇಂದು ಯಾವ ತಾರೀಕು ಎಂಬ ಪ್ರಶ್ನೆಗೆ ಉತ್ತರ ಹೀಗೆ 10 ಅಂಶಗಳಿಗೆ ಅಂಕ ಹಾಕಿ ಕೂಡುವ ಈ ಮಾಪಕದಲ್ಲಿ ಗರಿಷ್ಠ 67. ಅಂಕ ನೋಡಿಕೊಂಡು ಕ್ಲೋರ್‌ಡಯಜೆಪಾಕ್ಸೈಡ್ ಅಥವಾ ಡಯಜೆಪಾಮ್ ಪ್ರಮಾಣ ನಿಗದಿಯಾಗುತ್ತದೆ, ದಿನೇ ದಿನೇ ಇಳಿಯುತ್ತದೆ. ಯಕೃತ್ತು ಕೆಟ್ಟಿದ್ದರೆ ಲೊರಾಜೆಪಾಮ್. ಇವೂ ಅಭ್ಯಾಸ ಹಿಡಿಸುವ ಮಾತ್ರೆಗಳಾದ್ದರಿಂದ ಒಂದೆರಡು ದಿನಕ್ಕಾಗುವಷ್ಟು ಮಾತ್ರ ಕೈಗೆ ಕೊಡಬೇಕು. ಜೊತೆಗೆ ಥಯಾಮಿನ್, ಅಂದರೆ ಬಿ1 ಜೀವಸತ್ವ. ಕುಡಿತದಿಂದ ಸೊರಗಿದವರಿಗೆ ಥಯಾಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಶಾಶ್ವತ ಹಾನಿಯಾಗುವ ಭಯವಿದೆ.

ಗಾಂಜಾ ಬಿಟ್ಟಾಗ ಸಿಡುಕು, ನಿದ್ದೆಗೇಡು ಇದ್ದರೂ ಪ್ರಾಣಾಪಾಯವಿಲ್ಲ. ಹೆರಾಯಿನ್ ಹಿಂತೆಗೆತ ಮೈಕೈ ನೋವು, ಭೇದಿ, ಕಣ್ಣು ಮೂಗಿನಲ್ಲಿ ನೀರಿನೊಂದಿಗೆ ಬಹಳ ಯಾತನೆ ಕೊಡುತ್ತದೆ.

ವಾರದ ರಚನೆ

ಪ್ರಚಲಿತ ಮಾದರಿ ವಾರಕ್ಕೆ ಮೂರು ದಿನ, ದಿನಕ್ಕೆ ಮೂರು ಗಂಟೆ, ಎಂಟರಿಂದ ಹದಿನಾರು ವಾರ. ಕೆಲಸಕ್ಕೆ ಹೋಗುವವರಿಗಾಗಿ ಸಂಜೆಯ ತಂಡ ಇರುತ್ತದೆ. ಸಂಜೆ ಆರರಿಂದ ಒಂಬತ್ತು ಎಂಬುದು ಕೆಲಸದ ಅನುಕೂಲಕ್ಕಷ್ಟೇ ಇಟ್ಟ ಸಮಯವಲ್ಲ. ದಿನದ ದುಡಿಮೆ ಮುಗಿದು ಅಂಗಡಿಯ ಕಡೆ ಕಾಲು ಎಳೆಯುವ ಹೊತ್ತು ಅದೇ.

ಮೊದಲ ಗಂಟೆಯಲ್ಲಿ ಎಂಟು ಹತ್ತು ಜನ ವೃತ್ತಾಕಾರವಾಗಿ ಕುಳಿತು, ಹಿಂದಿನ ಭೇಟಿಯ ನಂತರ ಏನಾಯಿತು ಎಂಬುದನ್ನು ಒಬ್ಬೊಬ್ಬರಾಗಿ ಹೇಳುತ್ತಾರೆ. ಕುಡಿದಿದ್ದರೆ ಅದನ್ನೂ ಹೇಳಬೇಕು, ಹೇಳಿದ್ದಕ್ಕೆ ಹೊರಹಾಕುವುದಿಲ್ಲ. ಎರಡನೆಯ ಗಂಟೆ ಪಾಠದ್ದು. ಕಡುಬಯಕೆ ಹೇಗೆ ಏರುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ, ಮಿದುಳಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಸರಳವಾಗಿ ತಿಳಿಸುತ್ತಾರೆ. ಮೂರನೆಯ ಗಂಟೆಯಲ್ಲಿ ಅಭ್ಯಾಸ: ರೋಗಿ ತನ್ನ ಕುಡಿತದ ಸಂದರ್ಭಗಳನ್ನು ಹಾಳೆಯ ಮೇಲೆ ಬರೆಯುತ್ತಾನೆ. ಸಂಬಳದ ದಿನ, ಬಟವಾಡೆಯ ಶನಿವಾರ, ಷಡ್ಡಕನ ಮದುವೆ, ಹೆಂಡತಿಯೊಡನೆ ಜಗಳ, ಕ್ರಿಕೆಟ್ ಪಂದ್ಯ, ಬಸ್ ನಿಲ್ದಾಣದಿಂದ ಮನೆಗೆ ಹೋಗುವ ದಾರಿಯ ಬಾರು. ಒಂದೊಂದಕ್ಕೂ ಪರ್ಯಾಯ ಹುಡುಕಬೇಕು. ಸಂಬಳವನ್ನು ಮನೆಯವರ ಖಾತೆಗೆ ಹಾಕಿಸುವುದು, ಒಂದು ನಿಲ್ದಾಣ ಮೊದಲೇ ಇಳಿದು ಬೇರೆ ಬೀದಿ ಹಿಡಿಯುವುದು, ಮದುವೆಯಲ್ಲಿ ಊಟ ಮುಗಿಸಿ ಬೇಗ ಹೊರಡುವುದು ಹೀಗೆ. ಗೆಳೆಯರ ಒತ್ತಾಯಕ್ಕೆ ಬೇಡ ಎನ್ನುವುದನ್ನು ಗುಂಪಿನಲ್ಲೇ ಆಡಿ ತೋರಿಸಿ ಅಭ್ಯಾಸ ಮಾಡಿಸುತ್ತಾರೆ. ಇಲ್ಲಿ ಕಲಿತದ್ದನ್ನು ರೋಗಿ ಅದೇ ರಾತ್ರಿ ತನ್ನ ಬೀದಿಯಲ್ಲಿ ಪ್ರಯೋಗಿಸಿ, ಎರಡು ದಿನಗಳಲ್ಲಿ ಫಲಿತಾಂಶದೊಂದಿಗೆ ಮರಳುತ್ತಾನೆ. ಒಳರೋಗಿ ಚಿಕಿತ್ಸೆಗಿಲ್ಲದ ಗುಣ ಇದು, ಈ ಪದ್ಧತಿಯ ತಿರುಳೂ ಇದೇ.

ವಾರಕ್ಕೊಮ್ಮೆ ವೈಯಕ್ತಿಕ ಸಮಾಲೋಚನೆ ಇರುತ್ತದೆ. ಮೂತ್ರ ಪರೀಕ್ಷೆಯನ್ನು ಮುನ್ಸೂಚನೆಯಿಲ್ಲದೆ ಮಾಡುತ್ತಾರೆ. ಕೆಲವು ದೇಶಗಳಲ್ಲಿ ಪರೀಕ್ಷೆ ಶುದ್ಧವಾಗಿ ಬಂದಾಗ ಸಣ್ಣ ಬಹುಮಾನದ ಚೀಟಿ ಕೊಡುವ ಪದ್ಧತಿಯಿದೆ. ಉತ್ತೇಜಕ ಮಾದಕಗಳ ವ್ಯಸನಕ್ಕೆ ಖಚಿತ ಔಷಧಿ ಇಲ್ಲದಿರುವುದರಿಂದ ಆ ವ್ಯಸನದ ಚಿಕಿತ್ಸೆಯಲ್ಲಿ ಈ ಪದ್ಧತಿಗೆ ಮಹತ್ವ ಹೆಚ್ಚು.

ಔಷಧಿಗಳು

ಹಿಂತೆಗೆತ ದಾಟಿದ ಮೇಲೆ ಕೊಡುವ ಔಷಧಿಗಳು ಎರಡು ಬಗೆ. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್, ಬ್ಯಾಕ್ಲೊಫೆನ್ ಮದ್ಯದ ಕಡುಬಯಕೆ ತಗ್ಗಿಸುತ್ತವೆ. ಡೈಸಲ್ಫಿರಾಮ್ ಕೆಲಸ ಬೇರೆ. ಮದ್ಯ ದೇಹದಲ್ಲಿ ಕರಗುವಾಗ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ನಂಜು ಮುಂದೆ ಒಡೆಯದಂತೆ ಅದು ತಡೆಯುತ್ತದೆ. ಮಾತ್ರೆ ತೆಗೆದುಕೊಂಡವನು ಕುಡಿದರೆ ಮುಖ ಕೆಂಪಾಗಿ, ಎದೆ ಬಡಿದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಪರಿಣಾಮ ಉಳಿಯಬಹುದು. ಬೆಳಿಗ್ಗೆ ಹೆಂಡತಿಯೋ ತಾಯಿಯೋ ಕೈಯಾರೆ ಕೊಟ್ಟು, ಅವನು ನುಂಗಿದ್ದನ್ನು ನೋಡುವ ಕ್ರಮದಲ್ಲಿ ಇದು ಚೆನ್ನಾಗಿ ಫಲಿಸುತ್ತದೆ. ಭಾರತದಲ್ಲಿ ಮನೆಯವರು ಜೊತೆಗಿರುವುದರಿಂದ ಈ ಕ್ರಮ ಇಲ್ಲಿ ಹೆಚ್ಚು ಬಳಕೆಯಲ್ಲಿದೆ.

ಡೈಸಲ್ಫಿರಾಮ್ ಅನ್ನು ರೋಗಿಗೆ ತಿಳಿಯದಂತೆ ಊಟದಲ್ಲಿ ಬೆರೆಸುವುದು ಅಪಾಯಕಾರಿ. ತಿಳಿಯದೆ ತಿಂದವನು ಎಂದಿನಂತೆ ಕುಡಿಯುತ್ತಾನೆ. ಹೃದಯದ ತೊಂದರೆ ಇದ್ದರೆ ಸಾಯಲೂಬಹುದು. ಕುಡುಕನಿಗೆ ತಿಳಿಯದಂತೆ ಕುಡಿತ ಬಿಡಿಸುತ್ತೇವೆ ಎಂದು ಗೋಡೆಗಳ ಮೇಲೂ ಪತ್ರಿಕೆಗಳಲ್ಲೂ ಕಾಣುವ ಪುಡಿ, ಹನಿಗಳ ಜಾಹೀರಾತುಗಳಿಗೆ ವೈದ್ಯಶಾಸ್ತ್ರದ ಆಧಾರವಿಲ್ಲ. ಬೇಸತ್ತ ಹೆಂಗಸರು ಅವಕ್ಕೆ ಹಣ ತೆರುತ್ತಿರುವುದು ಸಮೀಪದಲ್ಲಿ ಬೇರೆ ನೆರವು ಇಲ್ಲದ್ದರಿಂದ.

ಹೆರಾಯಿನ್, ಅಫೀಮಿನ ವ್ಯಸನಕ್ಕೆ ನಾಲಗೆಯಡಿ ಇಡುವ ಬ್ಯೂಪ್ರೆನಾರ್ಫಿನ್ ಮುಖ್ಯ ಔಷಧಿ. ಅನುಮತಿ ಪಡೆದ ಕೇಂದ್ರಗಳಲ್ಲಷ್ಟೇ ಇದು ಸಿಗುತ್ತದೆ. ಗಾಂಜಾಕ್ಕೆ, ಮೆಫೆಡ್ರೋನ್‌ನಂಥ ಉತ್ತೇಜಕಗಳಿಗೆ ಇಂಥ ಔಷಧಿ ಇನ್ನೂ ಇಲ್ಲ, ಮಾತುಕತೆಯೇ ಚಿಕಿತ್ಸೆ.

ಕುಟುಂಬದ ಪಾತ್ರ

ರೋಗಿ ದಿನದ ಇಪ್ಪತ್ತು ಗಂಟೆಗೂ ಹೆಚ್ಚು ಕಾಲ ಮನೆಯಲ್ಲೋ ಕೆಲಸದಲ್ಲೋ ಇರುವುದರಿಂದ ಮನೆಯವರಿಗೂ ಪ್ರತ್ಯೇಕ ಗುಂಪು ಇರುತ್ತದೆ. ಸಾಲ ತೀರಿಸಿಕೊಡುವುದು, ಕಚೇರಿಗೆ ಸುಳ್ಳು ಹೇಳಿ ರಜೆ ಹಾಕಿಸುವುದು, ಜೇಬು ತಡಕುವುದು, ಮಕ್ಕಳ ಮೇಲೆ ಆಣೆ ಹಾಕಿಸುವುದು ಏಕೆ ಫಲಿಸುವುದಿಲ್ಲ ಎಂಬುದನ್ನು ಅಲ್ಲಿ ಚರ್ಚಿಸುತ್ತಾರೆ. ಹೊಡೆತ ತಿಂದ ಹೆಂಡತಿಗೆ ಚಿಕಿತ್ಸೆಯ ಕಾವಲುಗಾರ್ತಿಯ ಹೊಣೆಯನ್ನೂ ಹೊರಿಸುವುದು ಸರಿಯಲ್ಲ. ಅವಳ ಸುರಕ್ಷತೆ, ಅವಳ ಖಿನ್ನತೆ ತಾವಾಗಿಯೇ ಗಮನಕ್ಕೆ ಅರ್ಹ. ಪುಣೆಯ ಮುಕ್ತಾಂಗಣದಲ್ಲಿ ಪತ್ನಿಯರಿಗಾಗಿ ಸಹಚರಿ ಎಂಬ ಬಳಗವಿದೆ. 1951ರಲ್ಲಿ ಅಮೆರಿಕದಲ್ಲಿ ಆರಂಭವಾದ ಅಲ್-ಅನಾನ್ ಸಭೆಗಳೂ ಕುಡುಕರ ಮನೆಯವರಿಗಾಗಿಯೇ ಇರುವಂಥವು.

ನಾಗಪುರ ಮತ್ತು ವಿದರ್ಭ

ನಾಗಪುರ ಮಹಾರಾಷ್ಟ್ರದ ಪೂರ್ವಭಾಗವಾದ ವಿದರ್ಭದ ದೊಡ್ಡ ನಗರ. ಸುತ್ತಲ ಜಿಲ್ಲೆಗಳ, ಮಧ್ಯಪ್ರದೇಶದ ಗಡಿಭಾಗದ ರೋಗಿಗಳೂ ಚಿಕಿತ್ಸೆಗೆ ಇಲ್ಲಿಗೇ ಬರುತ್ತಾರೆ. ಇಲ್ಲಿನ ಪ್ರಾದೇಶಿಕ ಮನೋರೋಗ ಆಸ್ಪತ್ರೆ 1864ರಷ್ಟು ಹಳೆಯದು, ಮಹಾರಾಷ್ಟ್ರದ ನಾಲ್ಕು ಪ್ರಾದೇಶಿಕ ಮನೋರೋಗ ಆಸ್ಪತ್ರೆಗಳಲ್ಲಿ ಒಂದು. ಉಳಿದವು ಯೆರವಡ, ಠಾಣೆ ಮತ್ತು ರತ್ನಾಗಿರಿಯಲ್ಲಿವೆ. 1947ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು, ಮೇಯೊ ಎಂದೇ ಜನ ಕರೆಯುವ ಇಂದಿರಾ ಗಾಂಧಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, 2018ರಲ್ಲಿ ಶುರುವಾದ ಏಮ್ಸ್ ಇಲ್ಲಿನ ಇತರ ದೊಡ್ಡ ಸಾರ್ವಜನಿಕ ಸಂಸ್ಥೆಗಳು.

ಈ ಪ್ರದೇಶದ ವಿಶೇಷವೆಂದರೆ ನೆರೆಯ ಜಿಲ್ಲೆಗಳ ಪಾನನಿಷೇಧ. ಗಾಂಧೀಜಿಯವರ ಸೇವಾಗ್ರಾಮ ಇರುವ ವರ್ಧಾ ಜಿಲ್ಲೆಯಲ್ಲಿ 1970ರ ದಶಕದಿಂದ ಪಾನನಿಷೇಧವಿದೆ. ಜನರ ಚಳವಳಿಯ ಫಲವಾಗಿ ಗಡಚಿರೋಲಿಯಲ್ಲಿ 1993ರಲ್ಲಿ, ಚಂದ್ರಪುರದಲ್ಲಿ 2015ರಲ್ಲಿ ನಿಷೇಧ ಬಂತು. ಚಂದ್ರಪುರದ್ದನ್ನು 2021ರಲ್ಲಿ ಹಿಂದೆಗೆದುಕೊಂಡರು. ನಾಗಪುರದಲ್ಲಿ ಮಾರಾಟ ಮುಕ್ತವಾಗಿದೆ. ಹಳ್ಳಿಗಾಡಿನಲ್ಲಿ ಹಿಪ್ಪೆ ಹೂವಿನಿಂದ ಇಳಿಸಿದ ಸಾರಾಯಿಯ ಬಳಕೆಯೂ ಇದೆ. ನಿಷೇಧ ಸರಬರಾಜನ್ನು ತಗ್ಗಿಸುತ್ತದೆ. ಆಗಲೇ ಅವಲಂಬಿಯಾದವನ ದೇಹಕ್ಕೆ ಬೇಕಾದ ಚಿಕಿತ್ಸೆಯನ್ನು ಅದು ಕೊಡಲಾರದು.

ಈ ಕೊರತೆಯನ್ನು ತುಂಬುವ ಗಮನಾರ್ಹ ಪ್ರಯತ್ನ ನಡೆದದ್ದು ಗಡಚಿರೋಲಿಯಲ್ಲಿ. ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ಅವರ ಸರ್ಚ್ ಸಂಸ್ಥೆ, ಮಹಾರಾಷ್ಟ್ರ ಸರ್ಕಾರ ಹಾಗೂ ಟಾಟಾ ಟ್ರಸ್ಟ್ಸ್ ಜೊತೆಗೂಡಿ 2016ರಲ್ಲಿ ಮುಕ್ತಿಪಥ ಎಂಬ ಕಾರ್ಯಕ್ರಮವನ್ನು ಆರಂಭಿಸಿದವು. ಅದರ ಗುರಿ ಮದ್ಯ ಮತ್ತು ತಂಬಾಕು ಎರಡೂ. ಹಳ್ಳಿಯ ಸಮಿತಿ ಮಾರಾಟ ನಿಲ್ಲಿಸಲು ನಿಂತರೆ, ಇನ್ನೊಂದು ಕಡೆ ತಾಲೂಕು ಕೇಂದ್ರದಲ್ಲಿ ನಿಗದಿತ ದಿನಗಳಂದು ವ್ಯಸನ ಚಿಕಿತ್ಸಾಲಯ ತೆರೆಯುತ್ತದೆ, ಕೇಳಿಕೊಂಡ ಹಳ್ಳಿಯಲ್ಲಿ ಚಿಕಿತ್ಸಾ ಶಿಬಿರ ನಡೆಯುತ್ತದೆ. ರೋಗಿ ತನ್ನ ಊರು, ಹೊಲ ಬಿಟ್ಟು ಹೋಗಬೇಕಿಲ್ಲ. ಗಂಟೆಗಳ ಲೆಕ್ಕದಲ್ಲಿ ಇದು ತೀವ್ರ ಚಿಕಿತ್ಸೆಯ ಮಟ್ಟಕ್ಕೆ ಏರದಿದ್ದರೂ ಹತ್ತಿರ ಇರುವುದು, ಮತ್ತೆ ಮತ್ತೆ ಕಾಣುವುದು, ಊರವರನ್ನು ಸೇರಿಸಿಕೊಳ್ಳುವುದು ಎಂಬ ಮೂಲ ತತ್ವಗಳು ಇಲ್ಲಿವೆ.

ವಿದರ್ಭದ ವ್ಯಸನವನ್ನು ಹೇಳುವಾಗ ಖರ್ರಾವನ್ನು ಬಿಡಲಾಗದು. ಅಡಿಕೆ ಚೂರು, ತಂಬಾಕು, ಸುಣ್ಣವನ್ನು ಪ್ಲಾಸ್ಟಿಕ್ ಹಾಳೆಯಲ್ಲಿಟ್ಟು ತೇವದ ಮುದ್ದೆಯಾಗುವವರೆಗೆ ಉಜ್ಜಿ, ಅದೇ ಹಾಳೆಯಲ್ಲಿ ಸುತ್ತಿ ಪಾನ್ ಠೇಲಾಗಳಲ್ಲಿ ಮಾರುತ್ತಾರೆ. ಮಹಾರಾಷ್ಟ್ರದಲ್ಲಿ ಗುಟ್ಕಾ ನಿಷೇಧ 2012ರಲ್ಲೇ ಬಂದಿದ್ದರೂ ಕೈಯಲ್ಲಿ ಉಜ್ಜಿದ ಖರ್ರಾ ಉಳಿದುಕೊಂಡಿದೆ. ಕುಡಿತ ಬಿಟ್ಟವರು ಇದನ್ನು ಹೆಚ್ಚಿಸಿಕೊಂಡರೆ ಬಾಯಿ ಕ್ಯಾನ್ಸರಿನ ಅಪಾಯ ಏರುವುದರಿಂದ ಎರಡರ ಚಿಕಿತ್ಸೆಯೂ ಜೊತೆಜೊತೆಗೆ ಸಾಗಬೇಕಾಗುತ್ತದೆ.

ಕರ್ನಾಟಕ

ನಿಮ್ಹಾನ್ಸ್‌ನ ವ್ಯಸನ ವೈದ್ಯಕೀಯ ಕೇಂದ್ರದಲ್ಲಿ ಹೊರರೋಗಿ, ಒಳರೋಗಿ ಸೇವೆಗಳೆರಡೂ ಇವೆ. ದೂರದ ಜಿಲ್ಲೆಗಳಿಂದ ಬರುವವರಿಗೆ ವಾರಕ್ಕೆ ಮೂರು ಬಾರಿ ಬೆಂಗಳೂರಿಗೆ ಬರುವುದು ಆಗದ ಮಾತು. ಮನೋವೈದ್ಯರೇ ತಾಲೂಕು ಆಸ್ಪತ್ರೆಗೆ ಹೋಗುವ ಮನೋಚೈತನ್ಯ ಕಾರ್ಯಕ್ರಮವನ್ನು ರಾಜ್ಯ 2014ರಲ್ಲಿ ಆರಂಭಿಸಿತು. ಮಂಗಳವಾರದ ಕ್ಲಿನಿಕ್ ಎಂದೇ ಅದು ಪರಿಚಿತ. ಇದರ ಬೇರು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಜಿಲ್ಲಾ ಮಾನಸಿಕ ಆರೋಗ್ಯ ಪ್ರಯೋಗದಲ್ಲಿದೆ. ಅದನ್ನೇ ಮುಂದೆ ದೇಶ ಅನುಸರಿಸಿತು.

ವೈದ್ಯಕೀಯ ವ್ಯವಸ್ಥೆಯ ಹೊರಗೆ ಬೆಳೆದ ದೊಡ್ಡ ಪ್ರಯತ್ನ ಧರ್ಮಸ್ಥಳದ್ದು. ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳ ಸಂಖ್ಯೆ ಸಾವಿರ ದಾಟಿದೆ. ಊರಿನ ಸಭಾಭವನದಲ್ಲೋ ಕಲ್ಯಾಣ ಮಂಟಪದಲ್ಲೋ ನಡೆಯುವ ಎಂಟು ದಿನಗಳ ಈ ಶಿಬಿರದಲ್ಲಿ ಶಿಬಿರಾರ್ಥಿಗಳು ಅಲ್ಲೇ ಉಳಿಯುತ್ತಾರೆ. ಯೋಗ, ಭಜನೆ, ಸಮಾಲೋಚನೆ ನಡೆಯುತ್ತವೆ; ಮನೆಯವರನ್ನೂ ಕರೆಸುತ್ತಾರೆ. ವಸತಿ ಶಿಬಿರವಾದ್ದರಿಂದ ಇದು ಹೊರರೋಗಿ ಚಿಕಿತ್ಸೆಯಲ್ಲ. ಆದರೆ ಶಿಬಿರ ಮುಗಿದ ಮೇಲಿನ ನವಜೀವನ ಸಮಿತಿ ಹೊರರೋಗಿ ಚಿಕಿತ್ಸೆಯ ಮುಂದುವರಿಕೆಯಂತೆಯೇ ಕೆಲಸ ಮಾಡುತ್ತದೆ. ಬಿಟ್ಟವರು ತಮ್ಮ ಊರಿನಲ್ಲೇ ನಿಯತವಾಗಿ ಸೇರುತ್ತಾರೆ, ಬಾರದವನ ಮನೆಗೆ ಹೋಗಿ ವಿಚಾರಿಸುತ್ತಾರೆ, ಗಾಂಧಿ ಜಯಂತಿಯ ಸುಮಾರಿಗೆ ಸಮಾವೇಶಗಳಲ್ಲಿ ಕೂಡುತ್ತಾರೆ. ಶಿಬಿರಕ್ಕೆ ಸೇರುವ ಮುನ್ನ ಹಿಂತೆಗೆತದ ಅಪಾಯವನ್ನು ವೈದ್ಯರು ಅಳೆಯಬೇಕಾದದ್ದು ಇಲ್ಲಿಯೂ ಅಷ್ಟೇ ಮುಖ್ಯ. ತಮಿಳುನಾಡಿನ ಮಂಜಕ್ಕುಡಿಯಲ್ಲಿ ಟಿ.ಟಿ. ರಂಗನಾಥನ್ ಪ್ರತಿಷ್ಠಾನ 1989ರಲ್ಲಿ ಇಂಥದೇ ಹಳ್ಳಿ ಶಿಬಿರ ಆರಂಭಿಸಿತು. ಅದರಲ್ಲಿ ವೈದ್ಯಕೀಯ ಅಂಶ ಹೆಚ್ಚು.

ಕಾನೂನು

1985ರ ಮಾದಕ ದ್ರವ್ಯ ಕಾಯಿದೆಯ 64ಎ ಕಲಮಿನಂತೆ, ಅಲ್ಪ ಪ್ರಮಾಣದ ಮಾದಕ ವಸ್ತುವಿನ ಅಥವಾ ಸೇವನೆಯ ಆರೋಪ ಹೊತ್ತ ವ್ಯಸನಿ ತಾನಾಗಿ ಮಾನ್ಯ ಸಂಸ್ಥೆಯಲ್ಲಿ ಚಿಕಿತ್ಸೆಗೆ ಒಳಗಾದರೆ ವಿಚಾರಣೆಯಿಂದ ವಿನಾಯಿತಿ ಪಡೆಯಬಹುದು. ಚಿಕಿತ್ಸೆಯನ್ನು ಪೂರ್ತಿಗೊಳಿಸದಿದ್ದರೆ ವಿನಾಯಿತಿ ರದ್ದಾಗಬಹುದು. 2017ರ ಮಾನಸಿಕ ಆರೋಗ್ಯ ಕಾಯಿದೆ ಮದ್ಯ ಮತ್ತು ಮಾದಕಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲೇ ಸೇರಿಸಿತು. ಅದರಿಂದ ವ್ಯಸನಮುಕ್ತಿ ಕೇಂದ್ರಗಳೂ ನೋಂದಣಿಗೆ ಒಳಪಟ್ಟವು. ರೋಗಿಯ ಒಪ್ಪಿಗೆ, ಘನತೆ, ಗೋಪ್ಯತೆ ಅವನ ಹಕ್ಕುಗಳಾದವು. ಮನೆಯವರಿಂದ ಹಣ ಪಡೆದು ರೋಗಿಯನ್ನು ಎಳೆದೊಯ್ದು ಕೂಡಿಹಾಕುವುದು, ಹೊಡೆಯುವುದು, ಸರಪಳಿ ಹಾಕುವುದು ಅಪರಾಧ.

ಪರಿಣಾಮದ ಅಧ್ಯಯನಗಳು

ಡೆನಿಸ್ ಮೆಕಾರ್ಟಿ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಸಮೀಕ್ಷೆ, ಹೆಚ್ಚಿನ ರೋಗಿಗಳ ಮಟ್ಟಿಗೆ ತೀವ್ರ ಹೊರರೋಗಿ ಚಿಕಿತ್ಸೆಯ ಫಲಿತಾಂಶ ಒಳರೋಗಿ ಚಿಕಿತ್ಸೆಗೆ ಸಮನಾಗಿದೆ ಎಂದಿತು. ಮದ್ಯ ಮಾದಕಗಳ ಬಳಕೆ ಎರಡೂ ಬಗೆಯಲ್ಲಿ ಇಳಿದಿತ್ತು. ಎಷ್ಟು ಗಂಟೆ ಬೇಕು ಎಂಬ ಪ್ರಶ್ನೆ ಮಾತ್ರ ಹಳೆಯದು. ಲಂಡನ್ನಿನಲ್ಲಿ ಎಡ್ವರ್ಡ್ಸ್ ಮತ್ತು ಜಿಮ್ ಆರ್ಫರ್ಡ್ 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 100 ಮಂದಿ ವಿವಾಹಿತ ಗಂಡಸರಲ್ಲಿ ಅರ್ಧದಷ್ಟು ಜನರಿಗೆ ಹೆಂಡತಿಯ ಜೊತೆ ಕೂರಿಸಿ ಒಂದೇ ಬಾರಿಯ ಸಲಹೆ, ಉಳಿದವರಿಗೆ ತಿಂಗಳುಗಳ ಚಿಕಿತ್ಸೆ ಕೊಟ್ಟರು. ವರ್ಷದ ನಂತರ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಗೋವಾದಲ್ಲಿ ಸಂಗಾತ್ ಸಂಸ್ಥೆ ನಡೆಸಿ 2017ರಲ್ಲಿ ಲಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗ ಭಾರತಕ್ಕೆ ಹೆಚ್ಚು ಪ್ರಸ್ತುತ. ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಗರಿಷ್ಠ ನಾಲ್ಕು ಬಾರಿ ಸಮಾಲೋಚನೆ ನಡೆಸಿದರು. ಮೂರು ತಿಂಗಳಲ್ಲಿ ಹಾನಿಕರ ಕುಡಿತದಿಂದ ಹೊರಬಂದವರು ಆ ಗುಂಪಿನಲ್ಲಿ ಶೇ. 36, ಸಮಾಲೋಚನೆ ಸಿಗದ ಇನ್ನೊಂದು ಗುಂಪಿನಲ್ಲಿ ಶೇ. 26. ಆದರೆ ಇದು ಹಾನಿಕರ ಕುಡಿತಕ್ಕೆ ಸಂಬಂಧಿಸಿದ್ದು. ಪೂರ್ಣ ಅವಲಂಬನೆಗೆ ಔಷಧಿ ಮತ್ತು ದೀರ್ಘಕಾಲದ ನಿಗಾ ಬೇಕಾಗುತ್ತದೆ.

ಇಂದಿನ ಸ್ಥಿತಿ

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ; 5.7 ಕೋಟಿ ಜನರಿಗೆ ಕುಡಿತದ ಸಮಸ್ಯೆಗಾಗಿ ನೆರವು ಬೇಕು. ಮದ್ಯದ ಅವಲಂಬಿಗಳಲ್ಲಿ 38 ಜನರಿಗೆ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಪಡೆದಿದ್ದರು. ಆಸ್ಪತ್ರೆಗೆ ದಾಖಲಾದವರು 180 ಜನರಿಗೆ ಒಬ್ಬರು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮದ್ಯದ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಶೇ. 86 ಎಂದಿತ್ತು. ಇಷ್ಟು ದೊಡ್ಡ ಕೊರತೆಯನ್ನು ಹಾಸಿಗೆಗಳನ್ನು ಹೆಚ್ಚಿಸಿ ತುಂಬಲಾಗದು. ಹೊರರೋಗಿ ಚಿಕಿತ್ಸೆಯ ವಿಸ್ತರಣೆಗೆ ಒತ್ತು ಬಂದಿರುವುದು ಇದರಿಂದಲೇ.

ಮಾದಕ ಬೇಡಿಕೆ ತಗ್ಗಿಸುವ ಕೇಂದ್ರ ಸರ್ಕಾರದ ಕ್ರಿಯಾಯೋಜನೆಯಲ್ಲಿ ವಸತಿಸಹಿತ ಸಮಗ್ರ ಪುನರ್ವಸತಿ ಕೇಂದ್ರಗಳು, ಬೀದಿಯಲ್ಲಿರುವವರನ್ನು ತಲುಪುವ ಕೇಂದ್ರಗಳು, ಸರ್ಕಾರಿ ಆಸ್ಪತ್ರೆಗಳೊಳಗಿನ ವ್ಯಸನ ಚಿಕಿತ್ಸಾ ಘಟಕಗಳು ಇವೆ. ತೀವ್ರ ಹೊರರೋಗಿ ಚಿಕಿತ್ಸೆ ಎಂಬ ಪ್ರತ್ಯೇಕ ವರ್ಗ ಇಲ್ಲ. ಉಚಿತ ಔಷಧಿ, ಸಮಾಲೋಚನೆ ಕೊಡುವ ಆಸ್ಪತ್ರೆ ಘಟಕಗಳೇ ಅದಕ್ಕೆ ಹತ್ತಿರದವು. ವಾರಕ್ಕೆ 9 ಗಂಟೆಯ ಪೂರ್ಣ ಕಾರ್ಯಕ್ರಮಕ್ಕೆ ಬೇಕಾಗುವಷ್ಟು ಸಮಾಲೋಚಕರು ಸಾರ್ವಜನಿಕ ಆಸ್ಪತ್ರೆಗಳಲ್ಲಿಲ್ಲ. ಹೊರರೋಗಿ ವಿಭಾಗ ಬೆಳಗಿನ ಹೊತ್ತೇ ನಡೆಯುವುದರಿಂದ ದಿನಗೂಲಿಯವನು ಚಿಕಿತ್ಸೆಗೆ ಬಂದ ದಿನ ಕೂಲಿ ಕಳೆದುಕೊಳ್ಳುತ್ತಾನೆ. ವಾರಕ್ಕೆ ಮೂರು ದಿನದ ಚಿಕಿತ್ಸೆ ಎಂದರೆ ಅರ್ಧ ವಾರದ ಸಂಪಾದನೆ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ಗುಂಪುಗಳು ಬಹಳ ಕಡಿಮೆ. 2019ರ ಸಮೀಕ್ಷೆಯಲ್ಲಿ ಮದ್ಯ ಸೇವಿಸುವ ಗಂಡಸರು ಶೇ. 27.3, ಹೆಂಗಸರು ಶೇ. 1.6, ಸಂಖ್ಯೆ ಚಿಕ್ಕದಾದ್ದರಿಂದಲೇ ಅವರು ಯೋಜಕರ ಕಣ್ಣಿಗೆ ಬೀಳುವುದಿಲ್ಲ.

ಅಮೆರಿಕದಲ್ಲಿ ಈ ಚಿಕಿತ್ಸೆಯನ್ನು ಹರಡಿದ ವಿಮೆ ಭಾರತದಲ್ಲಿ ಅದರ ಪಾಲಿಗೆ ಇಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ನಿಗದಿಪಡಿಸಿದ ಆರೋಗ್ಯ ವಿಮೆಯ ಹೊರತುಪಡಿಕೆಗಳಲ್ಲಿ ಮದ್ಯ, ಮಾದಕ ವ್ಯಸನದ ಚಿಕಿತ್ಸೆಯೂ ಒಂದು. ಕಂಪನಿಗಳು ಅದನ್ನು ಪಾಲಿಸಿಯಿಂದ ಹೊರಗಿಡಬಹುದು. ದಾಖಲಾಗದ ಚಿಕಿತ್ಸೆಗೆ ಹೆಚ್ಚಿನ ಪಾಲಿಸಿಗಳು ಹೇಗೂ ಹಣ ಕೊಡುವುದಿಲ್ಲ. ಖಾಸಗಿ ಕೇಂದ್ರಗಳ ವೆಚ್ಚವೆಲ್ಲ ಕುಟುಂಬದ ಮೇಲೆಯೇ ಬೀಳುತ್ತದೆ.

2020ರ ಆಗಸ್ಟ್ 15ರಂದು 272 ಜಿಲ್ಲೆಗಳಲ್ಲಿ ಆರಂಭವಾದ ನಶಾ ಮುಕ್ತ ಭಾರತ ಅಭಿಯಾನ ಈಗ ದೇಶದಾದ್ಯಂತ ನಡೆಯುತ್ತಿದೆ. ವ್ಯಸನಿಗಳೂ ಮನೆಯವರೂ ಉಚಿತವಾಗಿ ಕರೆಮಾಡಿ ಸಮೀಪದ ಕೇಂದ್ರದ ವಿವರ ಪಡೆಯಲು 14446 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್, 14416 ಸಂಖ್ಯೆಯಲ್ಲಿ, ದಿನದ 24 ಗಂಟೆಯೂ ಕನ್ನಡ, ಮರಾಠಿ ಸೇರಿದಂತೆ ಹಲವು ಭಾಷೆಗಳಲ್ಲಿ ಮಾನಸಿಕ ಆರೋಗ್ಯದ ಸಲಹೆ ನೀಡುತ್ತದೆ. ಇದರ ಕೇಂದ್ರ ಸಂಸ್ಥೆ ನಿಮ್ಹಾನ್ಸ್.